ಇಟಲಿಯ ಸೈಕಲ್ ಗೇರು: ಬಾಳಿಕೆಯ ಲಾಭ, ವಿಳಂಬದ ಬೆಲೆ

ಉತ್ಪನ್ನದ ಬಾಳಿಕೆಯು ತಯಾರಕನಿಗೆ ಕೀರ್ತಿ ತರುತ್ತದೆ. ಆ ಕೀರ್ತಿಯನ್ನೇ ನೆಚ್ಚಿ ಕುಳಿತರೆ ಮಾರುಕಟ್ಟೆ ಕೈತಪ್ಪುತ್ತದೆ. ಇಟಲಿಯ ವಿಚೆನ್ಜಾ ನಗರದಲ್ಲಿ ಟುಲಿಯೊ ಕಂಪಾನ್ಯೋಲೊ 1933ರಲ್ಲಿ ಸ್ಥಾಪಿಸಿದ ಸೈಕಲ್ ಬಿಡಿಭಾಗಗಳ ಸಂಸ್ಥೆಯ ಇತಿಹಾಸವು ಇವೆರಡಕ್ಕೂ ನಿದರ್ಶನವಾಗಿದೆ.

1940ರ ದಶಕದಲ್ಲಿ ಈ ಸಂಸ್ಥೆಯ 'ಕಾಂಬಿಯೊ ಕೊರ್ಸಾ' ಗೇರನ್ನು ಬದಲಿಸುವುದು ಸಾಹಸವೇ ಆಗಿತ್ತು. ಸವಾರನು ಚಲಿಸುತ್ತಿರುವಾಗಲೇ ಹಿಂದಕ್ಕೆ ಕೈಚಾಚಿ, ಒಂದು ಸನ್ನೆಯಿಂದ ಹಿಂಚಕ್ರವನ್ನು ಸಡಿಲಿಸಿ, ಪೆಡಲನ್ನು ಹಿಮ್ಮುಖವಾಗಿ ತುಳಿಯುತ್ತ, ಇನ್ನೊಂದು ಸನ್ನೆಯಿಂದ ಚೈನನ್ನು ಸರಿಸಬೇಕಾಗಿತ್ತು.

1950ರ ದಶಕದ ಆರಂಭದಲ್ಲಿ ಬಂದ 'ಗ್ರಾನ್ ಸ್ಪೋರ್ಟ್' ಈ ಕಷ್ಟವನ್ನು ನಿವಾರಿಸಿತು. ಅದರ ಒಡಲು ನಾಲ್ಕು ಕೀಲುಗಳ ಸಮಾಂತರ ಚತುರ್ಭುಜ. ತಂತಿ ಎಳೆದಾಗ ಅದು ಒಂದು ಬದಿಗೆ ಬಾಗುತ್ತದೆ. ಸಡಿಲಿಸಿದಾಗ ಸ್ಪ್ರಿಂಗು ಅದನ್ನು ಹಿಂದಕ್ಕೆ ತರುತ್ತದೆ. ಚೈನನ್ನು ನಡೆಸುವ ಪುಟ್ಟ ಗಾಲಿಗಳು ಓರೆಯಾಗದೆ ಅಡ್ಡಲಾಗಿ ಸರಿಯುತ್ತವೆ. ಈ ತತ್ತ್ವವು ಫ್ರಾನ್ಸಿನಲ್ಲಿ ಮೊದಲೇ ಬಳಕೆಯಲ್ಲಿತ್ತು. ಅದನ್ನು ಪಂದ್ಯದ ಸವಾರರು ನಂಬುವಂತಹ ಗಟ್ಟಿ ಸಾಧನವಾಗಿಸಿದ ಶ್ರೇಯಸ್ಸು ಇಟಲಿಯದು.

1967ರ 'ನುವೊವೊ ರೆಕಾರ್ಡ್' ಅಲ್ಯೂಮಿನಿಯಂ ಮಿಶ್ರಲೋಹದಿಂದಾಗಿ ಹಗುರವಾಯಿತು. ಸಣ್ಣ ತಿರುಪು, ಸ್ಪ್ರಿಂಗುಗಳಿಗೂ ಪ್ರತ್ಯೇಕ ಸಂಖ್ಯೆಯಿದ್ದು, ಸವೆದದ್ದನ್ನಷ್ಟೇ ಕೊಂಡು ಬದಲಿಸಬಹುದಾಗಿತ್ತು. ಎಡ್ಡಿ ಮರ್ಕ್ಸ್ ಅವರ ಟೂರ್ ಡಿ ಫ್ರಾನ್ಸ್ ವಿಜಯಗಳು ಅದರ ಕೀರ್ತಿಮೌಲ್ಯವನ್ನು ಹೆಚ್ಚಿಸಿದವು. ವಿನ್ಯಾಸವು ಹೆಚ್ಚಿನ ಬದಲಾವಣೆಯಿಲ್ಲದೆ ಸುಮಾರು ಎರಡು ದಶಕ ಮಾರಾಟವಾಯಿತು.

ಆದರೆ ಅದರಲ್ಲೊಂದು ಕೊರತೆಯಿತ್ತು. ಹಿಂಚಕ್ರದ ಹಲ್ಲುಚಕ್ರಗಳು ದೊಡ್ಡದರಿಂದ ಚಿಕ್ಕದಕ್ಕೆ ಇಳಿಜಾರಾಗಿರುತ್ತವೆ. ಗಾಲಿಯೋ ಅಡ್ಡಲಾಗಿಯೇ ಸರಿಯುತ್ತಿತ್ತು. ಹೀಗಾಗಿ ಚಿಕ್ಕ ಚಕ್ರದ ಬಳಿ ಅಂತರ ಹೆಚ್ಚಿ, ಗೇರು ಬೀಳುವುದು ತಡವಾಗುತ್ತಿತ್ತು. ಜಪಾನಿನ ಸನ್‌ಟೂರ್ 1964ರಲ್ಲಿಯೇ ಚತುರ್ಭುಜವನ್ನು ಓರೆಯಾಗಿಸಿ, ಗಾಲಿಯು ಇಳಿಜಾರನ್ನೇ ಅನುಸರಿಸುವಂತೆ ಮಾಡಿ ಪೇಟೆಂಟ್ ಪಡೆದಿತ್ತು. ಎರಡು ದಶಕಗಳ ಬಳಿಕ ಅದರ ಅವಧಿ ಮುಗಿಯುತ್ತಿದ್ದಂತೆ, ಜಪಾನಿನದೇ ಆದ ಶಿಮಾನೊ 1984ರಲ್ಲಿ ಆ ವಿನ್ಯಾಸಕ್ಕೆ 'ಟಕ್' ಎಂದು ನಿಗದಿತ ಸ್ಥಾನದಲ್ಲಿ ನಿಲ್ಲುವ ಸನ್ನೆಯನ್ನು ಜೋಡಿಸಿತು. ಸವಾರನು ಅಂದಾಜಿನಿಂದ ಗೇರು ಹುಡುಕುವ ಅಗತ್ಯವೇ ಉಳಿಯಲಿಲ್ಲ. ಇಟಲಿಯ ಪ್ರತ್ಯುತ್ತರವಾದ 'ಸಿಂಕ್ರೊ' ತಡವಾಗಿ ಬಂದು, ನಿರೀಕ್ಷಿತ ಯಶಸ್ಸು ಕಾಣಲಿಲ್ಲ. 1992ರ 'ಎರ್ಗೊಪವರ್' ಸನ್ನೆಯಿಂದ ಸಂಸ್ಥೆ ಚೇತರಿಸಿಕೊಂಡಿತಾದರೂ ಹಿಂದಿನ ಏಕಸ್ವಾಮ್ಯ ಮರಳಲಿಲ್ಲ.

ಪೇಟೆಂಟ್ ಮುಗಿಯುವ ದಿನವು ಗುಟ್ಟಿನ ಸಂಗತಿಯಲ್ಲ. ಸಾಲದ ಕಂತಿನಂತೆ ಅದು ಮೊದಲೇ ಗೊತ್ತಿರುವ ದಿನ. ಪ್ರತಿಸ್ಪರ್ಧಿಯ ಪೇಟೆಂಟ್ ಅವಧಿಯನ್ನೂ ತಮ್ಮ ದಿನಸೂಚಿಯಲ್ಲಿ ಗುರುತಿಸಿಡುವುದು ನಮ್ಮ ಉದ್ಯಮಿಗಳಿಗೆ ಹಿತ.