ಒಂದೇ ಹೈಡ್ರೋಜನ್, ಮೂರು ಕೋಣೆ

ಈ ಗ್ಯಾಲರಿಯಲ್ಲಿರುವುದು ಮೂರೇ ಕೋಣೆ. ಒಂದನ್ನು ದಾಟದೆ ಇನ್ನೊಂದಕ್ಕೆ ಹೋಗುವಂತಿಲ್ಲ. ನಕ್ಷತ್ರಗಳ ನಡುವಿನ ಅನಿಲದ ಮೋಡ ಬದಲಾಗುತ್ತ ಹೋದಂತೆ ಅದರೊಳಗಿನ ಹೈಡ್ರೋಜನ್ ಏನಾಗುತ್ತದೆ ಎಂಬುದನ್ನು ಇಲ್ಲಿ ನಡೆಯುತ್ತಲೇ ತಿಳಿಯಬೇಕು.

ಮೊದಲ ಕೋಣೆಯಲ್ಲಿ ಚಿತ್ರಗಳೇ ಇಲ್ಲ. ನಡುವೆ ಲೋಹದ ತಗಡಿನ ಆಂಟೆನಾ, ಪಕ್ಕದ ಪರದೆಯಲ್ಲಿ ನಡುಗುವ ಗೆರೆ. 1420 ಮೆಗಾಹರ್ಟ್ಸ್ ಬಳಿ ಆ ಗೆರೆ ಉಬ್ಬಿಕೊಂಡಿದೆ. ಅದು ಆಗಷ್ಟೇ ಬಂದ ಸಂಕೇತವೋ ಹಿಂದೆ ದಾಖಲಿಸಿಟ್ಟದ್ದೋ, ನನಗೆ ತಿಳಿಯಲಿಲ್ಲ. ಬಿಡಿ ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಸ್ಪಿನ್ ಮಗುಚಿದಾಗ 21 ಸೆಂ.ಮೀ. ಉದ್ದದ ರೇಡಿಯೋ ಅಲೆ ಹೊರಡುತ್ತದೆ. ತಾನಾಗಿ ಹೀಗಾಗಲು ಒಂದು ಪರಮಾಣುವಿಗೆ ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಬೇಕು. ಆದರೂ ಆಕಾಶದಲ್ಲಿ ಅವು ಲೆಕ್ಕವಿಲ್ಲದಷ್ಟು ಇರುವುದರಿಂದ 1951ರಲ್ಲೇ ಈ ಅಲೆ ಸಿಕ್ಕಿತು.

ಎರಡನೇ ಕೋಣೆಯಲ್ಲಿ ಬೆಳಕು ಕಡಿಮೆ. ಗೋಡೆ ತುಂಬ ಒಂದು ಕಪ್ಪು ಮೋಡದ ಚಿತ್ರ. ನಕ್ಷತ್ರಗಳಿಲ್ಲದ ಖಾಲಿ ಜಾಗವೆನಿಸುತ್ತದೆ. ನಿಜಕ್ಕೆ ಅದು ತುಂಬಿದ ಜಾಗ, ಒಳಗಿನ ಧೂಳು ಹಿಂದಿನ ನಕ್ಷತ್ರಗಳನ್ನು ಮರೆಮಾಡಿದೆ. ಕೆಳಗೆ ಧೂಳಿನ ಕಣದ ಮಾದರಿ. ಗುಂಡಿ ಒತ್ತಿದೆ: ಹೈಡ್ರೋಜನ್ ಪರಮಾಣುವಿನ ಗುರುತಾದ ಒಂದು ಬಿಳಿ ಗುಂಡು ಬಂದು ಕಣಕ್ಕೆ ಅಂಟಿತು, ಇನ್ನೊಂದು ಬಂದು ಅದರ ಜೊತೆಗೂಡಿತು, ಜೋಡಿ ಹಾರಿಹೋಯಿತು. ಬಯಲಲ್ಲಿ ಎರಡು ಪರಮಾಣುಗಳು ಎದುರಾದರೆ, ಕೂಡುವಾಗ ಹುಟ್ಟುವ ಶಕ್ತಿಯನ್ನು ಹೊರಹಾಕಲಾಗದೆ ಮತ್ತೆ ದೂರವಾಗುತ್ತವೆ. ಧೂಳಿನ ಕಣ ಆ ಶಕ್ತಿಯ ಒಂದು ಪಾಲನ್ನು ತಾನು ವಹಿಸಿಕೊಂಡು ಮದುವೆ ದಲ್ಲಾಳಿಯಂತೆ ಜೋಡಿ ಕೂಡಿಸುತ್ತದೆ.

ಹೀಗೆ ಆದ ಜೋಡಿ, ಅಂದರೆ ಹೈಡ್ರೋಜನ್ ಅಣು, ಉಳಿಯಲು ನೆರಳೂ ಬೇಕು. ನಕ್ಷತ್ರಗಳ ನೇರಳಾತೀತ ಬೆಳಕು ಹೈಡ್ರೋಜನ್ ಅಣುವನ್ನು ಒಡೆಯುತ್ತದೆ. ಮೋಡದ ಅಂಚಿನ ಧೂಳು ಮತ್ತು ಅಣುಗಳು ಆ ಬೆಳಕನ್ನು ತಡೆದರಷ್ಟೇ ಒಳಗಿನವು ಬದುಕುತ್ತವೆ. ಅಲ್ಲಿ ಮೈನಸ್ 263 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ. ಅಷ್ಟು ಚಳಿಯಲ್ಲಿ ಹೈಡ್ರೋಜನ್ ಅಣು ಸುಳಿವನ್ನೇ ಕೊಡುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಜೊತೆಗಿರುವ ಕಾರ್ಬನ್ ಮೊನಾಕ್ಸೈಡಿನ 2.6 ಮಿ.ಮೀ. ಅಲೆ ಹಿಡಿದು ಹೈಡ್ರೋಜನ್ನಿನ ಲೆಕ್ಕ ಹಾಕುತ್ತಾರೆ. ಈ ಮಾತು ಮೂಲೆಯ ಚಿಕ್ಕ ಫಲಕದಲ್ಲಿದೆ, ದೊಡ್ಡದಾಗಿ ಬರೆಯಬೇಕಿತ್ತು.

ಮೂರನೇ ಕೋಣೆ ಕೆಂಪೋ ಕೆಂಪು. ಜನ ಸೇರಿದ್ದು ಇಲ್ಲೇ. ಎದುರಿಗೆ ಮಹಾವ್ಯಾಧ ನೀಹಾರಿಕೆ, ನಮ್ಮಿಂದ ಸುಮಾರು 1,300 ಜ್ಯೋತಿರ್ವರ್ಷ ದೂರ. ತಣ್ಣನೆಯ ಮೋಡ ಕುಸಿದು ಹುಟ್ಟಿದ ಭಾರೀ ನಕ್ಷತ್ರಗಳು ನೇರಳಾತೀತ ಬೆಳಕಿನಿಂದ ಹೈಡ್ರೋಜನ್ನಿನ ಎಲೆಕ್ಟ್ರಾನನ್ನೇ ಕಿತ್ತು, ಸುತ್ತಲಿನ ಅನಿಲವನ್ನು ಸುಮಾರು 10,000 ಡಿಗ್ರಿಗೆ ಕಾಯಿಸಿಬಿಟ್ಟಿವೆ. ಕಳೆದುಕೊಂಡ ಎಲೆಕ್ಟ್ರಾನ್ ಮರಳಿ ಸೇರಿ ಕೆಳಗಿನ ಹಂತಗಳಿಗೆ ಇಳಿಯುವಾಗ ಹೊಮ್ಮುವುದೇ 656 ನ್ಯಾನೋಮೀಟರಿನ ಈ ಕೆಂಪು. ಸೂರ್ಯನಂಥ ನಕ್ಷತ್ರಕ್ಕೆ ಇಷ್ಟು ಮಾಡುವ ಕಸುವಿಲ್ಲ.

ಇಲ್ಲಿಂದ ಬಾಗಿಲು ನೇರ ಹೊರಕ್ಕೆ. ಆದರೆ ಆ ಭಾರೀ ನಕ್ಷತ್ರಗಳು ಮುಗಿದ ಮೇಲೆ ಉಳಿದ ಅನಿಲ ತಣಿದು ಮತ್ತೆ ಪರಮಾಣುವಾಗುತ್ತದೆ, ಅಂದರೆ ಮೊದಲ ಕೋಣೆಗೇ ಮರಳುತ್ತದೆ. ಅದನ್ನು ಹೇಳುವ ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ.

ಹೋದವರು ಎರಡನೇ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ. ಹೋಗಲಾಗದವರು ಜನವರಿಯ ರಾತ್ರಿ ಮಹಾವ್ಯಾಧನ ಸೊಂಟಪಟ್ಟಿಯ ಕೆಳಗೆ ಬೈನಾಕ್ಯುಲರ್ ಹಿಡಿಯಿರಿ. ಕಾಣುವ ಮಸುಕು ಬೆಳಕು ಮೂರನೇ ಕೋಣೆಯ ರೂಪದ್ದು. ಅದರ ಹಿಂದೆ ಎಷ್ಟೋ ದೊಡ್ಡದಾಗಿ ಹಬ್ಬಿರುವ ಎರಡನೇ ಕೋಣೆಯ ರೂಪ ಕಣ್ಣಿಗೆ ಕಾಣುವುದಿಲ್ಲ.