ಕಡಲು ಮರಳು ಸರಿಸಿದ ಮೇಲೆ

ಅಮೆರಿಕದ ಫ್ಲಾರಿಡಾದಲ್ಲಿ ಸೆಬಾಸ್ಟಿಯನ್, ಫೋರ್ಟ್ ಪಿಯರ್ಸ್ ಊರುಗಳಿರುವ ಪೂರ್ವ ಕರಾವಳಿಗೆ ‘ಟ್ರೆಷರ್ ಕೋಸ್ಟ್’ ಎಂದೇ ಹೆಸರು. 1715ರ ಜುಲೈಯಲ್ಲಿ ಚಿನ್ನ, ಬೆಳ್ಳಿ ತುಂಬಿಕೊಂಡು ಹವಾನಾದಿಂದ ಸ್ಪೇನಿಗೆ ಹೊರಟ ಹನ್ನೆರಡು ಹಡಗುಗಳು ಇಲ್ಲಿ ಚಂಡಮಾರುತಕ್ಕೆ ಸಿಕ್ಕಿದವು. ಉಳಿದದ್ದು ಒಂದೇ. ಮುಳುಗಿದ ಹಡಗುಗಳ ನಾಣ್ಯಗಳು ಇಂದಿಗೂ ಆಗಾಗ ದಂಡೆಯಲ್ಲಿ ಕಾಣಿಸಿಕೊಳ್ಳುತ್ತವೆ. 1950ರ ದಶಕದಲ್ಲಿ ಕಟ್ಟಡ ಗುತ್ತಿಗೆದಾರ ಕಿಪ್ ವ್ಯಾಗ್ನರ್ ಇಲ್ಲಿ ನಾಣ್ಯ ಹೆಕ್ಕುತ್ತಲೇ ಮುಳುಗಿದ ಹಡಗುಗಳ ಜಾಡು ಹಿಡಿದರು.

ಇಂಥ ನಾಣ್ಯ ಹುಡುಕಲು ಒಳ್ಳೆಯ ಲೋಹಶೋಧಕ ಕೊಂಡರೆ ಸಾಕು ಎಂದು ಹೊಸಬರು ನಂಬುತ್ತಾರೆ. ಆದರೆ ನಾಣ್ಯದಷ್ಟು ಚಿಕ್ಕ ವಸ್ತುವನ್ನು ಆ ಯಂತ್ರ ಗುರುತಿಸುವುದು ಸುಮಾರು ಒಂದಡಿ ಆಳದವರೆಗೆ ಮಾತ್ರ. ಬೇಸಿಗೆಯ ದಂಡೆಯಲ್ಲಿ ನಾಣ್ಯದ ಮೇಲೆ ಆಳೆತ್ತರ ಮರಳು ಬಿದ್ದಿರಬಹುದು. ಅದನ್ನು ಸರಿಸುವ ಶಕ್ತಿ ಇರುವುದು ಅಲೆಗೆ. ಆದ್ದರಿಂದ ಮೊದಲು ಕಲಿಯಬೇಕಾದದ್ದು ಕಡಲನ್ನು ಓದುವುದನ್ನು.

ದೂರದಿಂದ ಸಾವಕಾಶವಾಗಿ ಉರುಳಿ ಬರುವ ತಗ್ಗು ಅಲೆ ಮರಳನ್ನು ದಡಕ್ಕೆ ತಂದು ಪೇರಿಸುತ್ತದೆ. ಬಿರುಗಾಳಿಯ ಕಡಿದಾದ ಅಲೆಗಳು ಹಾಗಲ್ಲ. ಒಂದರ ಬೆನ್ನಿಗೊಂದು ಅಪ್ಪಳಿಸುವುದರಿಂದ ಮೇಲೇರಿದ ನೀರಿಗೆ ಇಂಗಲು ಬಿಡುವಿರುವುದಿಲ್ಲ. ಅದು ಮರಳನ್ನು ಸೆಳೆದೊಯ್ದು ದಡದಿಂದಾಚೆ ನೀರಿನಡಿ ದಿಬ್ಬ ಕಟ್ಟುತ್ತದೆ. ಫ್ಲಾರಿಡಾದಲ್ಲಿ ಚಳಿಗಾಲದ ಈಶಾನ್ಯ ಬಿರುಗಾಳಿ ಮಾಡುವ ಈ ಕೆಲಸವನ್ನು ನಮ್ಮ ಉಳ್ಳಾಲ, ಮರವಂತೆಗಳಲ್ಲಿ ಮುಂಗಾರು ಮಾಡುತ್ತದೆ. ಮನೆ, ತೆಂಗಿನಮರ ಕಳೆದುಕೊಳ್ಳುವ ನಮ್ಮ ಕರಾವಳಿಯವರಿಗೆ ಅದು ಕಡಲ್ಕೊರೆತ, ನಿಧಿಯ ಬಾಗಿಲಲ್ಲ.

ಗಾಳಿ ತಗ್ಗಿದಾಗ ದಂಡೆಯ ಮೇಲ್ಭಾಗ ಗೋಡೆಯಂತೆ ಕಡಿದು ನಿಂತಿದ್ದರೆ ಅದರ ಬುಡದಿಂದ ಹುಡುಕಾಟ ಶುರುವಾಗಬೇಕು. ಕಾಲು ಹೂತುಹೋಗುವ ನುಣುಪು ಮರಳು ಈಚೆಗೆ ಬಂದು ಬಿದ್ದದ್ದು. ಅಲ್ಲಿ ಹೊತ್ತು ಕಳೆಯುವುದು ವ್ಯರ್ಥ. ದಪ್ಪ ಹರಳು, ಒಡೆದ ಚಿಪ್ಪು, ಕಪ್ಪು ಮರಳಿನ ಪಟ್ಟೆ ಕಂಡಲ್ಲಿ ನಿಲ್ಲಬೇಕು. ಸಾಮಾನ್ಯ ಮರಳು ನೀರಿಗಿಂತ 2.65 ಪಟ್ಟು ಸಾಂದ್ರ, ಬೆಳ್ಳಿ 10.5 ಪಟ್ಟು, ಚಿನ್ನ 19.3 ಪಟ್ಟು. ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ, ಅಲೆ ಹಗುರವಾದದ್ದನ್ನು ಒಯ್ದು ಭಾರವಾದದ್ದನ್ನು ಬಿಡುತ್ತದೆ. ಕಪ್ಪು ಮರಳಿನಲ್ಲಿರುವ ಮ್ಯಾಗ್ನಟೈಟ್, ಇಲ್ಮನೈಟ್ ಕಣಗಳು ಹಾಗೆ ಉಳಿದವು.

ನನಗೆ ತುಂಬ ಹಿಡಿಸುವ ಸುಳಿವು ಕಸದ್ದು. ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಚೂರುಗಳಷ್ಟೇ ಸಿಗುತ್ತಿದ್ದರೆ ಜಾಗ ಬದಲಿಸುವುದು ಲೇಸು. ಅಲ್ಯೂಮಿನಿಯಂ ಸಾಂದ್ರತೆ 2.7, ಹೆಚ್ಚುಕಡಿಮೆ ಮರಳಿನಷ್ಟೇ. ಮರಳು ಹೋದಲ್ಲಿಗೆ ಅದೂ ಹೋಗುತ್ತದೆ. ಗಾಳಹಾಕುವವರು ಕಳೆದುಕೊಂಡ ಸೀಸದ ಗುಂಡುಗಳು ಸಿಕ್ಕರೆ ಮಾತ್ರ ಉತ್ಸಾಹದಿಂದ ಅಗೆಯಬೇಕು. ಸೀಸದ ಸಾಂದ್ರತೆ 11.3. ಅದು ನಿಂತಲ್ಲಿ ಬೆಳ್ಳಿಯೂ ನಿಂತಿರಬಹುದು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ನೀರು ಇನ್ನೂ ಇಳಿಯುತ್ತಿರುವಾಗಲೇ ಹೊರಟರೆ ಒದ್ದೆ ದಂಡೆ ಹೆಚ್ಚು ಹೊತ್ತು ಸಿಗುತ್ತದೆ. ಉಪ್ಪುನೀರು ವಿದ್ಯುದ್ವಾಹಕವಾದ್ದರಿಂದ ಅಲ್ಲಿ ಸಾಧಾರಣ ಶೋಧಕಗಳು ಸುಮ್ಮಸುಮ್ಮನೆ ಕೂಗುತ್ತವೆ. ‘ಪಲ್ಸ್ ಇಂಡಕ್ಷನ್’ನಂಥ, ಉಪ್ಪುನೀರಿಗೆ ಒಗ್ಗುವ ಯಂತ್ರ ಬೇಕು.

ಇನ್ನೊಂದು ಮಾತು, ಜೀವದ ಪ್ರಶ್ನೆ. ಎರಡು ಕಡೆ ನೊರೆಯೆದ್ದು ನಡುವೆ ಅಲೆ ಒಡೆಯದ ಕಪ್ಪು ಓಣಿ ಕಂಡರೆ ಅದು ಶಾಂತ ನೀರಲ್ಲ, ಕಡಲೊಳಕ್ಕೆ ಸೆಳೆಯುವ ಪ್ರವಾಹ. ಸಿಕ್ಕಿಬಿದ್ದವರು ದಡದತ್ತ ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು.