ಜಾಡು ತಪ್ಪಿದ ಕಾರು ಕೈಗೆಟುಕಬೇಕು

ಗೇಣಿಗಿಂತ ಕಿರಿದಾದ ವಿದ್ಯುತ್ ಕಾರುಗಳನ್ನು ಹಲಗೆಯ ಮೇಲಿನ ಸೀಳುಗಳಲ್ಲಿ ಓಡಿಸಿ ಪಂದ್ಯ ಆಡುವ ಸ್ಲಾಟ್ ಕಾರ್ ಆಟಕ್ಕೆ ಆಡುವವರ ಕಾಲು ಬೇಕಾಗಿಲ್ಲ, ಬೇಕಾದದ್ದು ಒಂದು ಬೆರಳು ಮತ್ತು ಎರಡು ಕಣ್ಣು. ಆದ್ದರಿಂದ ಗಾಲಿಕುರ್ಚಿಯಲ್ಲಿ ಕುಳಿತವರೂ ನೆಲದ ಮೇಲೆ ನಿಂತವರೂ ಯಾವ ರಿಯಾಯಿತಿಯೂ ಇಲ್ಲದೆ ಸರಿಸಮನಾಗಿ ಸೆಣಸಬಹುದಾದ ಕೆಲವೇ ಮೋಟಾರು ಕ್ರೀಡೆಗಳಲ್ಲಿ ಇದೂ ಒಂದು. ಸಮಾನತೆ ಮುರಿದುಬೀಳುವುದು ಕಾರು ಓಡುತ್ತಿರುವಾಗ ಅಲ್ಲ, ತಿರುವಿನಲ್ಲಿ ಜಾಡು ತಪ್ಪಿ ಮಗುಚಿದಾಗ, ಏಕೆಂದರೆ ನಿಂತು ಆಡುವವರು ನಾಲ್ಕು ಹೆಜ್ಜೆ ನಡೆದು ಬಾಗಿ ಅದನ್ನೆತ್ತಿ ಮತ್ತೆ ಸೀಳಿಗೆ ಕೂರಿಸುವಷ್ಟರಲ್ಲಿ ಕುಳಿತು ಆಡುವವರು ಇನ್ನೊಬ್ಬರ ಕೈಯನ್ನು ಕಾಯಬೇಕಾಗುತ್ತದೆ. ಮನೆಯ ಗ್ಯಾರೇಜಿನಲ್ಲಿ ಗಾಲಿಕುರ್ಚಿಗೆ ಒಗ್ಗುವ ಟ್ರ್ಯಾಕ್ ಕಟ್ಟುವುದೆಂದರೆ ಮೇಜಿನ ಕಾಲು ಗಿಡ್ಡ ಮಾಡುವುದೆಂದೇ ಬಹುಪಾಲು ಜನ ತಿಳಿಯುತ್ತಾರೆ. ನಿಜವಾದ ಕೆಲಸವೆಂದರೆ ಕಾರು ಎಲ್ಲಿ ಬೀಳುತ್ತದೆ ಎಂಬುದನ್ನು ಭೌತವಿಜ್ಞಾನದಿಂದ ಮೊದಲೇ ಅರಿತು, ಆ ಜಾಗವನ್ನು ಕೈಯಳತೆಯೊಳಗೆ ತರುವುದು.

ಯಂತ್ರದ ಒಳರಚನೆ ಸರಳವಾದದ್ದು. ಕಾರಿನ ಮೂತಿಯ ಕೆಳಗೆ ಚಿಕ್ಕ ಬಾವುಟದಂಥ ಒಂದು ಪ್ಲಾಸ್ಟಿಕ್ ಎಸಳು ಇರುತ್ತದೆ. ಅದು ಹಲಗೆಯ ಸೀಳಿನೊಳಗೆ ಇಳಿದು ಹಳೆಯ ಬಂಡಿಜಾಡು ಗಾಲಿಯನ್ನು ಹಿಡಿಯುವಂತೆ ಮೂತಿಯನ್ನು ಹಿಡಿಯುತ್ತದೆ, ಅದರ ಎರಡೂ ಬದಿಯ ತಾಮ್ರದೆಳೆಗಳ ಕುಂಚಗಳು ಸೀಳಿನ ಅಕ್ಕಪಕ್ಕದ ಲೋಹದ ಪಟ್ಟಿಗಳನ್ನು ಸವರುತ್ತಾ 12 ವೋಲ್ಟಿನ ಆಸುಪಾಸಿನ ನೇರ ವಿದ್ಯುತ್ತನ್ನು ಮೋಟಾರಿಗೆ ಒದಗಿಸುತ್ತವೆ, ಕೈಯಲ್ಲಿರುವ ನಿಯಂತ್ರಕದ ಗುಂಡಿಯನ್ನು ಎಷ್ಟು ಒತ್ತಿದರೆ ಅಷ್ಟು ವೇಗ. ಗುಂಡಿ ಬಿಟ್ಟೊಡನೆ ಅನೇಕ ನಿಯಂತ್ರಕಗಳು ಮೋಟಾರಿನ ಎರಡು ತುದಿಗಳನ್ನೂ ಒಂದಕ್ಕೊಂದು ಬೆಸೆಯುತ್ತವೆ; ಆಗ ತಿರುಗುತ್ತಲೇ ಇರುವ ಮೋಟಾರು ತಾನೇ ಜನರೇಟರಾಗಿ ತನ್ನ ಓಟವನ್ನು ತಾನೇ ತಡೆಯುತ್ತದೆ. ಅಮೆರಿಕದ ಲಯನೆಲ್ ಕಂಪನಿ 1912ರಲ್ಲೇ ಇಂಥ ವಿದ್ಯುತ್ ಕಾರುಗಳನ್ನು ಮಾರುಕಟ್ಟೆಗೆ ತಂದಿದ್ದರೂ, ಆಟ ಮನೆಮಾತಾದದ್ದು 1957ರಲ್ಲಿ ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ತಮ್ಮ ಮಿನಿಮಾಡೆಲ್ಸ್ ಸಂಸ್ಥೆಯಿಂದ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಲ್ಲಿ ಅದನ್ನು ಹೊರತಂದ ಮೇಲೆ. ನಿಜವಾದ ಕಾರಿನ 32ನೇ ಒಂದು ಭಾಗದ ಅಳತೆ ಇಂದು ಹೆಚ್ಚು ಪ್ರಚಲಿತವಾದದ್ದು.

ಈ 32 ಎಂಬ ಸಂಖ್ಯೆಯ ಸುತ್ತ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ. ಆಟಿಕೆ ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ತಿರುವು ದಾಟಿದರೆ ಅದನ್ನು 32ರಿಂದ ಗುಣಿಸಿ, ನಿಜವಾದ ಕಾರು ಸುಮಾರು 200 ಕಿಲೋಮೀಟರ್ ವೇಗದಲ್ಲಿ ತಿರುಗಿದಂತಾಯಿತೆಂದು ಅಭಿಮಾನಿಗಳು ಹಿಗ್ಗುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಟೈರಿನ ಹಿಡಿತವು ಕಾರಿನ ತೂಕದಷ್ಟೇ ಎಂದಿಟ್ಟುಕೊಂಡರೆ, 30 ಸೆಂಟಿಮೀಟರ್ ತ್ರಿಜ್ಯದ ತಿರುವಿನಲ್ಲಿ ಆಟಿಕೆ ಸೆಕೆಂಡಿಗೆ ಸುಮಾರು 1.7 ಮೀಟರ್, ಅಂದರೆ ಗಂಟೆಗೆ 6 ಕಿಲೋಮೀಟರಿಗೆ ತುಸು ಹೆಚ್ಚು ವೇಗವನ್ನು ತಾಳಿಕೊಳ್ಳುತ್ತದೆ. ಅದೇ ತಿರುವನ್ನು 32 ಪಟ್ಟು ಹಿಗ್ಗಿಸಿದರೆ ತ್ರಿಜ್ಯ 9.6 ಮೀಟರ್ ಆಗುತ್ತದೆ, ಅಂಥ ಇಕ್ಕಟ್ಟಿನ ತಿರುವಿನಲ್ಲಿ ಅಷ್ಟೇ ಹಿಡಿತವುಳ್ಳ ನಿಜವಾದ ಕಾರು ಗಂಟೆಗೆ 35 ಕಿಲೋಮೀಟರನ್ನು ಮೀರಿದರೆ ಜಾರುತ್ತದೆ. 200 ಎಲ್ಲಿ, 35 ಎಲ್ಲಿ! ಉದ್ದ, ಅಗಲ, ಎತ್ತರಗಳೆಲ್ಲ 32 ಪಟ್ಟು ಕುಗ್ಗಿದರೂ ಭೂಮಿಯ ಗುರುತ್ವ ಮಾತ್ರ ಕುಗ್ಗುವುದಿಲ್ಲ, ಹೀಗಾಗಿ ವೇಗವೂ ಕಾಲವೂ 32ರ ವರ್ಗಮೂಲದಷ್ಟು, ಅಂದರೆ 5.66 ಪಟ್ಟು ಮಾತ್ರ ಬದಲಾಗುತ್ತವೆ. 1870ರ ದಶಕದಲ್ಲಿ ವಿಲಿಯಂ ಫ್ರೂಡ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ನೀರಿನ ತೊಟ್ಟಿಯಲ್ಲಿ ಪುಟ್ಟ ಹಡಗುಗಳನ್ನು ಎಳೆಸಿ ದೊಡ್ಡ ಹಡಗುಗಳ ನಡತೆಯನ್ನು ಮುಂಗಂಡದ್ದು ಇದೇ ವರ್ಗಮೂಲದ ನಿಯಮದ ಬಲದಿಂದ.

ಈ ನಿಯಮದಿಂದ ಹೊರಡುವ ಸಂಗತಿ ನಿಜಕ್ಕೂ ಬೆರಗಿನದು: ಆಟಿಕೆಯ ಲೋಕದಲ್ಲಿ ಕಾಲವೇ ಐದೂವರೆ ಪಟ್ಟಿಗೂ ಮಿಕ್ಕಿ ವೇಗವಾಗಿ ಓಡುತ್ತದೆ. ಮನುಷ್ಯನ ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಆಟಿಕೆಯ ಗಡಿಯಾರದಲ್ಲಿ ಅದು 1.1 ಸೆಕೆಂಡಿಗೂ ಹೆಚ್ಚು, ಅಂದರೆ ನಿಜವಾದ ಕಾರಿನ ಚಾಲಕನೊಬ್ಬ ಅಪಾಯ ಕಂಡ ಒಂದು ಸೆಕೆಂಡಿನ ನಂತರ ಬ್ರೇಕ್ ಒತ್ತಿದ ಹಾಗೆ. ನೇರದಾರಿಯಲ್ಲಿ ಸೆಕೆಂಡಿಗೆ 4 ಮೀಟರ್ ಓಡುವ ಕಾರು ಆ 0.2 ಸೆಕೆಂಡಿನಲ್ಲಿ 80 ಸೆಂಟಿಮೀಟರ್ ದಾಟಿಬಿಡುತ್ತದೆಯಾದ್ದರಿಂದ, ಆಡುವವರು ತಿರುವನ್ನು ನೋಡಿ ಗುಂಡಿ ಬಿಡುವುದಿಲ್ಲ, ತಿರುವು ಬರಲಿದೆ ಎಂಬ ನೆನಪಿನ ಮೇಲೆ ಬಿಡುತ್ತಾರೆ. ಇದು ತಬಲಾ ವಾದಕನ ಬೆರಳು ತಾಳವನ್ನು ಮುಂಗಂಡು ಬೀಳುವ ಬಗೆಯ ಕೌಶಲ, ಕಾಲಿನ ಬಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೊಬೈಲ್ ಫೋನಿನ ನಿಧಾನಗತಿಯ ಚಿತ್ರೀಕರಣದಲ್ಲಿ ಈ ಕಾರನ್ನು ಐದಾರು ಪಟ್ಟು ನಿಧಾನಿಸಿ ನೋಡಿದರೆ ಅದು ಇದ್ದಕ್ಕಿದ್ದಂತೆ ಟನ್ನು ತೂಗುವ ನಿಜವಾದ ಕಾರಿನಂತೆ ವಾಲುತ್ತಾ, ಹಿಂಭಾಗ ಬೀಸುತ್ತಾ ಸಾಗುವುದು ಕಾಣುತ್ತದೆ. ಸಿನಿಮಾದಲ್ಲಿ ಪುಟ್ಟ ಮಾದರಿಯ ರೈಲು, ಹಡಗು, ಅಣೆಕಟ್ಟುಗಳು ಉರುಳುವ ದೃಶ್ಯಗಳನ್ನು ನಿಧಾನಗತಿಯಲ್ಲಿ ಚಿತ್ರಿಸಿ ನಂಬಿಸುತ್ತಿದ್ದುದರ ಗುಟ್ಟೂ ಇದೇ.

ಹೀಗೆ ನೆನಪು ಕೂದಲೆಳೆಯಷ್ಟು ತಪ್ಪಿದರೂ ಕಾರು ಜಾಡು ಬಿಡುತ್ತದೆ. ಸೀಳು ಹಿಡಿದಿರುವುದು ಮೂತಿಯನ್ನಷ್ಟೆ. ಹಿಡಿತ ಮೀರಿದಾಗ ಮೊದಲು ಹಿಂಗಾಲಿಗಳು ಹೊರಕ್ಕೆ ಜಾರಿ ಬಾಲ ಬೀಸುತ್ತದೆ, ಬೀಸು ಹೆಚ್ಚಾದರೆ ಎಸಳು ಸೀಳಿನಲ್ಲಿ ತಿರುಚಿಕೊಂಡು ಮೇಲೆದ್ದು ಹೊರಬರುತ್ತದೆ. ಆಮೇಲೆ ಅದು ತಿರುವಿನ ಕೇಂದ್ರದಿಂದ ನೇರ ಹೊರಕ್ಕೆ ಚಿಮ್ಮುತ್ತದೆಂಬುದು ಹಲವರ ಊಹೆ. ಕವಣೆಯ ಕಲ್ಲಿನಂತೆ ಅದು ಹೋಗುವುದು ಬಿಡುಗಡೆಯಾದ ಬಿಂದುವಿನ ಸ್ಪರ್ಶರೇಖೆಯ, ಅಂದರೆ ಆ ಗಳಿಗೆಯಲ್ಲಿ ಸಾಗುತ್ತಿದ್ದ ದಿಕ್ಕಿನ ಉದ್ದಕ್ಕೆ. ಆದ್ದರಿಂದ ಉದ್ದನೆಯ ನೇರದಾರಿಯ ಕೊನೆಯಲ್ಲಿ ಬರುವ ಬಿಗಿ ತಿರುವಿನ ಮುಂದಿನ ಒಂದೆರಡು ಅಡಿ ಜಾಗವೇ ಹೆಚ್ಚಿನ ಕಾರುಗಳು ಹೋಗಿ ಬೀಳುವ ಗುಂಡಿ, ಅದನ್ನು ಕಾಗದದ ಮೇಲೆಯೇ ಅಡಿಪಟ್ಟಿಯಿಂದ ಗುರುತಿಸಬಹುದು.

ಗಾಲಿಕುರ್ಚಿಯಲ್ಲಿ ಕುಳಿತವರು ಎದುರಿನ ಮೇಜಿನ ಮೇಲೆ ಚಾಚಬಹುದಾದ ದೂರವನ್ನು ಅಮೆರಿಕದ 2010ರ ಸುಗಮ ಪ್ರವೇಶದ ಮಾನದಂಡವು ಹೆಚ್ಚೆಂದರೆ 25 ಅಂಗುಲವೆಂದು ಹೇಳುತ್ತದೆ, ಮೇಜಿನ ಮೇಲ್ಮೈ 28ರಿಂದ 34 ಅಂಗುಲ ಎತ್ತರವಿರಬೇಕು, ಮಂಡಿ ಒಳಸೇರಲು ಕೆಳಗೆ 27 ಅಂಗುಲ ತೆರವಿರಬೇಕು, ಕುರ್ಚಿ ಪೂರ್ತಿ ಒಂದು ಸುತ್ತು ತಿರುಗಲು 60 ಅಂಗುಲ ಅಗಲ ಬೇಕು ಎನ್ನುತ್ತದೆ. ಎತ್ತರವೇ ಸಮಸ್ಯೆಯೆಂದು ತಿಳಿದು ಮೇಜನ್ನು ತೀರಾ ತಗ್ಗಿಸಿದರೆ ಮಂಡಿ ತಗುಲಿ ಕುರ್ಚಿ ಹಿಂದೆಯೇ ನಿಲ್ಲುತ್ತದೆ, ಆಗ ಕೈ ಎಟುಕುವ ದೂರ ಇನ್ನಷ್ಟು ಕುಗ್ಗುತ್ತದೆ. ಈ ಅಂಕಿಗಳನ್ನು ಅಡಿಗಳಲ್ಲಿ ನೋಡಿದರೆ ಪರಿಹಾರ ತಾನಾಗಿ ಎದ್ದುಬರುತ್ತದೆ: ಒಂಬತ್ತು ಅಡಿ ಅಗಲದ ಕಾರ್ ಶೆಡ್ಡಿನಲ್ಲಿ ಎರಡೂ ಪಕ್ಕಕ್ಕೆ ಎರಡೆರಡು ಅಡಿ ಅಗಲದ ಮೇಜು, ನಡುವೆ ಐದು ಅಡಿ ಅಂಗಳ, ಹಿಂಬದಿಯ ಗೋಡೆಗೆ ಮತ್ತೆ ಎರಡಡಿಯ ಮೇಜು ಸೇರಿಸಿ ಕುದುರೆಲಾಳದ ಆಕಾರ ಕಟ್ಟಿದರೆ ಆಡುವವರು ಬಾಗಿಲಿನಿಂದ ನೇರ ಒಳಬಂದು ಟ್ರ್ಯಾಕಿನ ಹೊಟ್ಟೆಯಲ್ಲಿ ಕುಳಿತು, ಕುರ್ಚಿ ತಿರುಗಿಸುತ್ತಾ ಹಿಂಬದಿಯ ಎರಡು ಮೂಲೆಗಳನ್ನುಳಿದು ಬಹುಪಾಲು ಜಾಗವನ್ನು ಮುಟ್ಟಬಹುದು. ಬಿಗಿ ತಿರುವುಗಳು ಲಾಳದ ಎರಡು ತುದಿಗಳಲ್ಲಿ, ಬಾಗಿಲ ಬಳಿ ಬೀಳುವುದರಿಂದ ಅತಿಹೆಚ್ಚು ಅಪಘಾತದ ಜಾಗವೇ ಅತಿಸುಲಭವಾಗಿ ಎಟುಕುವ ಜಾಗವೂ ಆಗುತ್ತದೆ. ನೆಲಕ್ಕೆ ಬಿದ್ದ ಕಾರನ್ನು ಕುರ್ಚಿಯಿಂದ ಬಾಗಿ ಎತ್ತುವುದು ಕಷ್ಟ, ಕೆಲವರಿಗೆ ಅಪಾಯಕರವೂ ಹೌದು. ಆದ್ದರಿಂದ ಆ ತುದಿಗಳಲ್ಲಿ ಮೆತ್ತನೆಯ ತಡೆಯಿರುವ ಅಂಚುಗೋಡೆ ಕಡ್ಡಾಯ.

ಈ ಅಂಚುಗೋಡೆ ಪಾರದರ್ಶಕವೂ ಆಗಿರಬೇಕು, ಅದಕ್ಕೆ ದೃಷ್ಟಿಯ ಲೆಕ್ಕ ಕಾರಣ. ಕುಳಿತವರ ಕಣ್ಣು ನೆಲದಿಂದ ಸುಮಾರು 115 ಸೆಂಟಿಮೀಟರ್ ಎತ್ತರದಲ್ಲಿ, 78 ಸೆಂಟಿಮೀಟರಿನ ಮೇಜಿನಿಂದ ಬರೀ 37 ಸೆಂಟಿಮೀಟರ್ ಮೇಲೆ ಇದ್ದರೆ, 1.2 ಮೀಟರ್ ದೂರದಲ್ಲಿರುವ 12 ಸೆಂಟಿಮೀಟರ್ ಎತ್ತರದ ಮೇಲ್ಸೇತುವೆಯೊಂದು ತನ್ನ ಹಿಂದಿನ ಸುಮಾರು 58 ಸೆಂಟಿಮೀಟರ್ ದಾರಿಯನ್ನು ಮರೆಮಾಡುತ್ತದೆ. ನಿಂತವರಿಗೆ ಕಾಣುವ ಕಾರು ಕುಳಿತವರಿಗೆ ಕಾಣದಿದ್ದರೆ ಪಂದ್ಯ ಸಮಾನವಾಗುವುದಿಲ್ಲ, ಹಾಗಾಗಿ ಸೇತುವೆಯ ಆಸೆಯನ್ನು ಬಿಟ್ಟುಬಿಡುವುದೇ ಸರಿ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಗಳಲ್ಲಿ ಇದನ್ನು ಕಟ್ಟುವುದಾದರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಮುಂಬಾಗಿಲಿಗೆ ಮೆಟ್ಟಿಲು, ಮೇಲೆ ಹೊಸಿಲು. ಆದರೆ ಕಾರಿಗೆ ಮಾತ್ರ ಮೋರಿಯ ಮೇಲೆ ಇಳಿಜಾರು ಕಟ್ಟಿರುತ್ತಾರೆ, ಹೀಗಾಗಿ ಗಾಲಿಗೆ ಮೆಟ್ಟಿಲಿನ ಅಡ್ಡಿಯಿಲ್ಲದ ಏಕೈಕ ದ್ವಾರ ಬಹುಪಾಲು ಮನೆಗಳಲ್ಲಿ ಕಾರ್ ಶೆಡ್ಡಿನದೇ. ಆ ಇಳಿಜಾರೂ ಕಡಿದಾದದ್ದು: ಭಾರತದ ಮಾರ್ಗಸೂಚಿ ಕೇಳುವ 12ಕ್ಕೆ 1ರ ಇಳಿಜಾರಿನ ಲೆಕ್ಕದಲ್ಲಿ ರಸ್ತೆಯಿಂದ ಒಂದು ಅಡಿ ಎತ್ತರದ ಶೆಡ್ಡಿಗೆ ಹನ್ನೆರಡು ಅಡಿ ಉದ್ದದ ದಾರಿ ಬೇಕು. ಕಾರು ತೊಳೆದ ನೀರು ಹರಿದುಹೋಗಲೆಂದು ಶೆಡ್ಡಿನ ನೆಲವನ್ನೂ ಹೊರಕ್ಕೆ ವಾಲಿಸಿರುತ್ತಾರೆ, ಅದರಿಂದ ಮೇಜಿನ ಕಾಲುಗಳಿಗೆ ಮಟ್ಟಮಾಡುವ ತಿರುಪು ಬೇಕು, ಕುರ್ಚಿಗೆ ಗಟ್ಟಿ ಬ್ರೇಕು ಬೇಕು. ಅಂಗಳಕ್ಕೆ ಹಾಸಿದ ಕಲ್ಲುಚಪ್ಪಡಿಗಳ ಸಂದುಗಳಲ್ಲಿ ಕುರ್ಚಿಯ ಮುಂಗಾಲಿ ಸಿಕ್ಕಿಕೊಳ್ಳುವುದರಿಂದ ಅವನ್ನು ಸಿಮೆಂಟಿನಿಂದ ತುಂಬಬೇಕಾಗುತ್ತದೆ.

ಇಷ್ಟಕ್ಕೆಲ್ಲ ಮನೆಯವರು ಒಪ್ಪುವುದೇ ಇಲ್ಲವೆಂದರೆ ಅದರ ಹಿಂದೆ ಬಹಳ ಸಲ ಕೆಲಸಕ್ಕೆ ಬಾರದ ನಂಬಿಕೆಗಳಿರುತ್ತವೆ. ಮೆಟ್ಟಿಲು ಬೆಸಸಂಖ್ಯೆಯಲ್ಲಿರಬೇಕು, ಅದನ್ನು ಇಳಿಜಾರು ಮಾಡಿದರೆ ವಾಸ್ತು ಕೆಡುತ್ತದೆ ಎನ್ನುವುದು ಒಂದು. ತಾಯಿ ಗ್ರಹಣ ಕಂಡದ್ದರಿಂದ ಮಗುವಿನ ಕಾಲು ಹೀಗಾಯಿತು, ಇದು ಪೂರ್ವಜನ್ಮದ ಕರ್ಮ, ಅನುಭವಿಸಿಯೇ ತೀರಬೇಕು ಎನ್ನುವುದು ಇನ್ನೊಂದು ಮತ್ತು ಹೆಚ್ಚು ಕ್ರೂರವಾದದ್ದು. ಚಂದ್ರನ ನೆರಳಿಗೆ ಮೂಳೆ ಬಗ್ಗಿಸುವ ಶಕ್ತಿಯಿಲ್ಲ. ಪೋಲಿಯೊ ತಂದದ್ದು ವೈರಸ್, ಲಸಿಕೆಯಿಂದ ಅದನ್ನು ಓಡಿಸಿ ಭಾರತ 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತ ಪ್ರಮಾಣಪತ್ರ ಪಡೆಯಿತು. ಕೋಲಾರ ಜಿಲ್ಲೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಹಲವೆಡೆ ಮಿತಿ ಮೀರಿ ಕಂಡಿರುವ ಫ್ಲೋರೈಡ್ ವರ್ಷಗಟ್ಟಲೆ ಮೈ ಸೇರಿದರೆ ಕೀಲು, ಬೆನ್ನುಮೂಳೆಗಳು ಸೆಟೆದುಕೊಳ್ಳುತ್ತವೆ, ಅದಕ್ಕೆ ಕಾರಣ ನೀರೇ ಹೊರತು ಗ್ರಹಚಾರವಲ್ಲ. ಆಟವನ್ನು ಐಷಾರಾಮವೆಂದು ತಳ್ಳಿಹಾಕುವುದೂ ತಪ್ಪು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮನರಂಜನೆ ಮತ್ತು ಕ್ರೀಡೆಗಳಲ್ಲಿ ಭಾಗವಹಿಸುವುದನ್ನು ಹಕ್ಕಿನ ಮಾತಾಗಿಯೇ ಕಾಣುತ್ತದೆ.

ಹಲಗೆಯ ವಿಷಯದಲ್ಲಿ ಶ್ರೀನಿವಾಸಪುರದ ಕಡೆಯವರಿಗೆ ಒಂದು ಎಚ್ಚರಿಕೆ ಸಲ್ಲುತ್ತದೆ: ಮಾವಿನ ಹಲಗೆ ಸುತ್ತಮುತ್ತ ಸಲೀಸಾಗಿ ಸಿಕ್ಕಿದರೂ ಅದಕ್ಕೆ ಹುಳು ಬೇಗ ಹತ್ತುತ್ತದೆ, ಮಳೆಗಾಲದಲ್ಲಿ ಉಬ್ಬಿ ಮೂರು ಮಿಲಿಮೀಟರಿನ ಸೀಳು ಕಿರಿದಾದರೆ ಎಸಳು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಒಳ್ಳೆಯ ಪ್ಲೈವುಡ್ಡಿಗೆ ಬಡಗಿಯಿಂದ ರೂಟರ್ ಯಂತ್ರದಲ್ಲಿ ಸೀಳು ಕೊರೆಸಿ ಎರಡೂ ಬದಿಗೆ ಅಂಟುವ ತಾಮ್ರದ ಪಟ್ಟಿ ಹಾಸುವುದು ಮೇಲು. ಬೇಸಿಗೆಯಲ್ಲಿ ಕಲ್ಲುಕ್ವಾರಿಗಳ, ಇಟ್ಟಿಗೆಗೂಡುಗಳ ದೂಳು ಟೈರಿಗೆ ಮೆತ್ತಿ ಹಿಡಿತ ತೂಕದ 0.6ರಷ್ಟಕ್ಕೆ ಇಳಿದರೆ ತಿರುವಿನ ವೇಗ ಸುಮಾರು ನಾಲ್ಕನೇ ಒಂದು ಪಾಲು ತಗ್ಗುತ್ತದೆ, ಹಾಗಾಗಿ ಆಟಕ್ಕೆ ಮುನ್ನ ಒದ್ದೆ ಬಟ್ಟೆಯಲ್ಲಿ ಟೈರು, ಒಣ ಬಟ್ಟೆಯಲ್ಲಿ ತಾಮ್ರ ಒರೆಸಬೇಕು. ತಾಮ್ರದ ಪಟ್ಟಿ ತೆಳುವಾದ್ದರಿಂದ ದೂರದ ತಿರುವಿಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಕುಸಿದು ಕಾರು ಮಂಕಾಗುತ್ತದೆ. 1902ರಲ್ಲಿ, ಬೆಂಗಳೂರಿಗೆ ದೀಪ ಬರುವುದಕ್ಕೂ ಮೂರು ವರ್ಷ ಮುಂಚೆ, ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂದ ಎಂಜಿನಿಯರುಗಳು ಇದೇ ನಷ್ಟವನ್ನು ತಪ್ಪಿಸಲು ಹತ್ತಾರು ಸಾವಿರ ವೋಲ್ಟಿಗೆ ಒತ್ತಡ ಏರಿಸಿದರು. ಆಟದ ಮೇಜಿನಲ್ಲಿ ಒತ್ತಡ ಏರಿಸುವಂತಿಲ್ಲ, ಬದಲಿಗೆ ಮೇಜಿನಡಿಯಿಂದ ದಪ್ಪ ತಂತಿಗಳನ್ನು ಎಳೆದು ಮೂರು ನಾಲ್ಕು ಕಡೆ ಪಟ್ಟಿಗೆ ಬೆಸುಗೆ ಹಾಕಬೇಕು, ಆ ತಂತಿಗಳು ಮಂಡಿಗೆ ತಗುಲದಂತೆ ಹಲಗೆಗೆ ಬಿಗಿಯಬೇಕು. 230 ವೋಲ್ಟಿನ ಸ್ವಿಚ್‌ಬೋರ್ಡು ಸಾಮಾನ್ಯವಾಗಿ ನಿಂತವರ ಎದೆಮಟ್ಟದಲ್ಲಿ ಗೋಡೆಗಿರುತ್ತದೆ. ಮೇಜು ಬಂದ ಮೇಲೆ ಕುಳಿತವರಿಗೆ ಅದು ಎಟುಕದು, ಆದ್ದರಿಂದ ಎಲ್ಲವನ್ನೂ ಆರಿಸುವ ಒಂದು ಗುಂಡಿ ಮೇಜಿನ ಒಳಅಂಚಿಗೇ ಬರಬೇಕು.

ಬೆರಳಿನಲ್ಲಿ ಬಲವಿಲ್ಲದವರಿಗೆ ನಿಯಂತ್ರಕವನ್ನು ಮೇಜಿಗೆ ಬಿಗಿದು, ಗುಂಡಿಯ ಬದಲು ಅಂಗೈಯಿಂದ ತಳ್ಳಬಹುದಾದ ಉದ್ದ ಸನ್ನೆಯನ್ನು ಜೋಡಿಸಬಹುದು, ಏಕೆಂದರೆ ಈ ಇಡೀ ಯಂತ್ರ ಮನುಷ್ಯನಿಂದ ಕೇಳುವುದು ಹೆಚ್ಚು ಅಥವಾ ಕಡಿಮೆ ಎಂಬ ಒಂದೇ ಒಂದು ಸಂಕೇತವನ್ನು. ಇನ್ನು ಕಾರ್ಖಾನೆಯಿಂದ ಬರುವ ಅನೇಕ ಕಾರುಗಳ ಹೊಟ್ಟೆಯಲ್ಲಿ ಉಕ್ಕಿನ ಪಟ್ಟಿಗೆ ಅಂಟಿ ಓಡಲೆಂದು ಒಂದು ಪುಟ್ಟ ಅಯಸ್ಕಾಂತವಿರುತ್ತದೆ. ತಾಮ್ರವನ್ನು ಅಯಸ್ಕಾಂತ ಸೆಳೆಯದ ಕಾರಣ ಮರದ ಟ್ರ್ಯಾಕಿನಲ್ಲಿ ಅದು ನಿರುಪಯೋಗಿಯೆಂದು ಕಿತ್ತುಹಾಕುವ ರೂಢಿಯಿದೆ. ಅದನ್ನು ಹಾಗೆಯೇ ಉಳಿಸಿಕೊಂಡರೆ, ಕಾರು ಮಗುಚಿ ಹೊಟ್ಟೆ ಮೇಲಾಗಿ ಎಟುಕದ ಮೂಲೆಗೆ ಜಾರಿದಾಗ, ತುದಿಗೆ ಕಬ್ಬಿಣದ ವಾಷರ್ ಕಟ್ಟಿದ ಒಂದು ಬಿದಿರುಕಡ್ಡಿಯನ್ನು ಕುಳಿತಲ್ಲಿಂದಲೇ ಚಾಚಿ ಸೋಕಿಸಿದರೆ ಸಾಕು, ಕಾರು ಟಕ್ಕೆಂದು ಕಡ್ಡಿಗೆ ಕಚ್ಚಿಕೊಂಡು ಆಡುವವರ ಕೈಗೆ ಬರುತ್ತದೆ.